ಸೈನಿಕ ವೇಷದ ಮಹಿಳೆ: ಹಳೆಯ ಛಾಯಾಚಿತ್ರಗಳ ಸತ್ಯಾಸತ್ಯತೆ

ಮಡಿಕೇರಿ: ಯೋಧರ ನಾಡೆಂದೇ ಹೆಸರಾದ ಕೊಡಗಿನಲ್ಲಿ ಸಮವಸ್ತ್ರಧಾರಿ ಹಿರಿಯರ ಭಾವಚಿತ್ರವಿಲ್ಲದ ಐನ್‌ಮನೆ ವಿರಳ. ಅಂತಹ ಚಿತ್ರದಲ್ಲಿ ಮೀಸೆ ಮೂಡದ ಕೋಮಲ ಮುಖ ಕಂಡರೆ ‘ಇವರು ಪುರುಷವೇಷದ ಮಹಿಳೆಯೇ?’ ಎಂಬ ಕುತೂಹಲ ಸಹಜ. ಈ ಪ್ರಶ್ನೆ ಬಹುವಾಗಿ ಚರ್ಚೆಗೊಳಗಾದದ್ದು 1861-65ರ ಅಮೆರಿಕದ ಅಂತರ್ಯುದ್ಧದ ಚಿತ್ರಗಳಲ್ಲಿ. ಮುಖವಲ್ಲ, ದಾಖಲೆಯೇ ಸಾಕ್ಷಿ ಎಂಬುದು ಅಲ್ಲಿನ ಪಾಠ.

ದೃಢಪಟ್ಟ ಪ್ರಕರಣ

ಐರ್ಲೆಂಡಿನಲ್ಲಿ ಜೆನ್ನಿ ಹಾಜರ್ಸ್ ಎಂಬ ಹೆಣ್ಣುಮಗುವಾಗಿ ಜನಿಸಿದವರು 1862ರಲ್ಲಿ ಆಲ್ಬರ್ಟ್ ಕ್ಯಾಶಿಯರ್ ಎಂಬ ಹೆಸರಿನಿಂದ 95ನೇ ಇಲಿನಾಯ್ ಪದಾತಿದಳ ಸೇರಿ ಮೂರು ವರ್ಷ ಸೇವೆ ಸಲ್ಲಿಸಿದರು. ಯುದ್ಧಾನಂತರವೂ ಪುರುಷರಾಗಿಯೇ ಬಾಳಿದರು. 1911ರಲ್ಲಿ ಕಾರು ಬಡಿದು ಕಾಲು ಮುರಿದಾಗ ವೈದ್ಯರಿಗೆ ಸತ್ಯ ತಿಳಿಯಿತು. ಮುಂದೆ ಪಿಂಚಣಿ ಅಧಿಕಾರಿಗಳು ತನಿಖೆ ನಡೆಸಿದಾಗ ಸಹಯೋಧರೇ ಅವರನ್ನು ಗುರುತಿಸಿ ಸಾಕ್ಷ್ಯ ನುಡಿದರು, ಪಿಂಚಣಿ ಉಳಿಯಿತು. 1915ರಲ್ಲಿ ನಿಧನರಾದ ಅವರನ್ನು ಸಮವಸ್ತ್ರದಲ್ಲೇ ಸಮಾಧಿ ಮಾಡಲಾಯಿತು. ಅವರ ಚಿತ್ರಕ್ಕೆ ಬಲ ನೀಡಿರುವುದು ಈ ಕಡತಗಳು.

ಅನುಮಾನ ಉಳಿದ ಚಿತ್ರ

ಫ್ರಾನ್ಸೆಸ್ ಕ್ಲೇಟನ್ ಅವರ ಚಿತ್ರಗಳು ಇನ್ನೂ ಪ್ರಸಿದ್ಧ. ಬೋಸ್ಟನ್ನಿನ ಸ್ಟುಡಿಯೋದಲ್ಲಿ ತೆಗೆದ ಅವುಗಳಲ್ಲಿ ಒಮ್ಮೆ ಸ್ತ್ರೀ ಉಡುಪು, ಮತ್ತೊಮ್ಮೆ ಸೈನಿಕ ದಿರಿಸು. ಆದರೆ ಅವರ ಸೇವೆಯ ಬಗ್ಗೆ ಅಂದಿನ ಪತ್ರಿಕಾ ವರದಿಗಳು ಪರಸ್ಪರ ಹೊಂದುವುದಿಲ್ಲ. ಚಿತ್ರವು ಉಡುಪನ್ನಷ್ಟೇ ತೋರಿಸುತ್ತದೆ, ಯುದ್ಧಸೇವೆಯನ್ನಲ್ಲ.

ಗುಂಡಿಗಳ ಮೋಸ

ಅಂಗಿಯ ಗುಂಡಿ ಯಾವ ಬದಿಗಿದೆ ಎಂಬುದನ್ನು ನೋಡಿ ತೀರ್ಮಾನಿಸುವವರುಂಟು. ಆದರೆ ತೆಳು ಕಬ್ಬಿಣದ ತಗಡಿನ ಮೇಲೆ ಮೂಡಿಸುತ್ತಿದ್ದ ‘ಟಿನ್‌ಟೈಪ್’ ಚಿತ್ರ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿರುತ್ತದೆ. ಅದರಲ್ಲಿ ಪುರುಷನ ಅಂಗಿಯೂ ಸ್ತ್ರೀಯರ ಅಂಗಿಯಂತೆ ಕಾಣುತ್ತದೆ. ಮೀಸೆಯಿಲ್ಲದಿರುವುದೂ ಪುರಾವೆಯಲ್ಲ, ಹದಿಹರೆಯದ ಹುಡುಗರು ವಯಸ್ಸು ಮರೆಮಾಚಿ ಸೈನ್ಯ ಸೇರುತ್ತಿದ್ದರು.

ನಮ್ಮ ಮನೆಗಳಲ್ಲಿ

ಸಮವಸ್ತ್ರದಲ್ಲಿರುವುದು ನಿಜವಾಗಿ ಮಹಿಳೆಯೇ ಆಗಿದ್ದರೂ ಅದು ವೇಷವೇ ಆಗಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಭಾರತದಲ್ಲಿ ಮಹಿಳಾ ಸಹಾಯಕ ದಳ ರಚನೆಯಾಗಿತ್ತು. ಅದರ ಸದಸ್ಯೆಯರು ಬಹಿರಂಗವಾಗಿಯೇ ಸೇನಾ ಸಮವಸ್ತ್ರ ಧರಿಸುತ್ತಿದ್ದರು.

ಆದ್ದರಿಂದ ಮೊದಲು ಚಿತ್ರದ ಹಿಂಬದಿ ನೋಡಬೇಕು. ಸ್ಟುಡಿಯೋ ಹೆಸರು, ಊರು, ದಿನಾಂಕ, ಕೈಬರಹ ಅಲ್ಲಿರಬಹುದು. ಬಳಿಕ ಟೋಪಿ ಮತ್ತು ಭುಜದ ಲಾಂಛನಗಳಿಂದ ದಳವನ್ನು ಗುರುತಿಸಿ, ಸೇವಾ ಪುಸ್ತಕ, ಪಿಂಚಣಿ ಪತ್ರಗಳೊಂದಿಗೆ ತಾಳೆ ನೋಡಬೇಕು. ಗುರುತು ಹೇಳಬಲ್ಲ ಹಿರಿಯರಿದ್ದಾಗಲೇ ಹೆಸರು ಬರೆದಿಡುವುದು ಒಳಿತು. ಆತುರದಲ್ಲಿ ‘ವೇಷಧಾರಿ ಮಹಿಳೆ’ ಎಂದು ಬರೆದರೆ, ಮನೆಗೆ ಮರಳದ ಹುಡುಗನೊಬ್ಬನ ಹೆಸರೇ ಅಳಿಸಿಹೋಗಬಹುದು.