ಮುಚ್ಚಿದ ಊರಿಗೆ ಅನ್ನ ಬಂದ ದಾರಿ



ಮಹಾಮಾರಿಗಳ ಚರಿತ್ರೆಯನ್ನು ಬರೆದವರು ಸತ್ತವರ ಲೆಕ್ಕವನ್ನು ಬರೆದಿದ್ದಾರೆ. ವೈದ್ಯರು ಪಟ್ಟ ಪಾಡನ್ನೂ ದೊರೆಗಳು ಹೊರಡಿಸಿದ ನಿರೂಪಗಳನ್ನೂ ಬರೆದಿದ್ದಾರೆ. ಆ ದಿನಗಳಲ್ಲಿ ಬದುಕಿ ಉಳಿದವರು ತಿಂದದ್ದೇನು, ಅದನ್ನು ಬೆಳೆದವರು ಯಾರು, ಹೇರು ಹೊಡೆದುಕೊಂಡು ಬಂದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರವನ್ನು ಮೂಲೆಮುಡುಕುಗಳಲ್ಲಿ ಹುಡುಕಬೇಕಾಗಿದೆ. ಊರಿಗೆ ರೋಗ ಬಂದಿತೆಂದರೆ ದಾರಿಯನ್ನು ಮುಚ್ಚುವುದು ಬಹು ಹಿಂದಿನಿಂದ ಬಂದ ಪದ್ಧತಿ. ಆದರೆ ರೋಗ ನಡೆಯುವ ದಾರಿಯೂ ಧಾನ್ಯ ನಡೆಯುವ ದಾರಿಯೂ ಬೇರೆಬೇರೆಯಲ್ಲವಷ್ಟೆ. ಒಂದನ್ನು ತಡೆದು ಇನ್ನೊಂದನ್ನು ಬಿಡುವುದು ಹೇಗೆ? ಫ್ರಾನ್ಸ್ ದೇಶದ ಮಾರ್ಸೇಲ್ಸ್ ಪಟ್ಟಣದವರು 1720ರಲ್ಲಿ ಈ ತೊಡಕನ್ನು ಬಿಡಿಸಲು ಹೆಣಗಿದ ಬಗೆಯನ್ನು ಈ ಹೊತ್ತು ವಿಚಾರ ಮಾಡೋಣ.

ಅದಕ್ಕೆ ಮೊದಲು ಇಂಗ್ಲೆಂಡಿನ ಒಂದು ಹಳ್ಳಿಯ ಮಾತು. ಡರ್ಬಿಷೈರ್ ಪ್ರಾಂತದ ಈಮ್ ಎಂಬ ಊರಿಗೆ 1665ರಲ್ಲಿ, ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಬಂದಿತೆಂದು ಹೇಳುತ್ತಾರೆ. 1666ರ ಜೂನ್ ತಿಂಗಳಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ನನು ಜನರನ್ನು ಒಪ್ಪಿಸಿ, ಯಾರೂ ಎಲ್ಲೆ ದಾಟಬಾರದೆಂದು ಕಟ್ಟುಮಾಡಿದನು. ನೆರೆಯ ಡೆವನ್‌ಷೈರ್ ಪ್ರಭುವು ಆಹಾರವನ್ನು ಒದಗಿಸಿಕೊಟ್ಟನು. ಇದಲ್ಲದೆ ಸುತ್ತಣ ಹಳ್ಳಿಯವರು ಸಾಮಾನನ್ನು ಎಲ್ಲೆಯ ಕಲ್ಲಿನ ಬಳಿ ಇಳಿಸಿ ದೂರ ಸರಿಯುವರು. ಆಮೇಲೆ ಊರಿನವರು ಬಂದು ಎತ್ತಿಕೊಳ್ಳುವರು. ಕಲ್ಲಿನಲ್ಲಿ ಕೊರೆದ ಕುಳಿಗಳೊಳಗೆ ವಿನಿಗರ್ ಹುಯ್ದು, ಅದರಲ್ಲಿ ಬೆಲೆಯ ನಾಣ್ಯವನ್ನಿಡುವುದು ರೂಢಿಯಾಗಿತ್ತು. ಈಮ್‌ನಲ್ಲಿ ಸತ್ತವರ ಸಂಖ್ಯೆ 260 ಎಂದು ಎಣಿಕೆ. ಇದನ್ನು ಎಲ್ಲರೂ ತ್ಯಾಗದ ಕಥೆಯಾಗಿ ಹೇಳುತ್ತಾರೆ, ಅದು ಸರಿಯೇ. ನಮ್ಮ ಗಮನವನ್ನು ಸೆಳೆಯುವುದಾದರೋ ಆ ಕಲ್ಲಿನ ಕುಳಿಗಳು. ಪ್ರಭುವಿನ ದಾನವಿದ್ದಾಗಲೂ ನೆರೆಯ ರೈತನಿಗೆ ಅವನ ಪದಾರ್ಥದ ಬೆಲೆ ಸಲ್ಲಬೇಕೆಂದು, ಅವನು ಭಯವಿಲ್ಲದೆ ಮನೆಗೆ ಮರಳಬೇಕೆಂದು ಆ ಹಳ್ಳಿಗರು ಯೋಚಿಸಿದ್ದರು.

ಹಳ್ಳಿಗೆ ಒಬ್ಬ ಪ್ರಭು ಸಾಕಾದನು. ಮಾರ್ಸೇಲ್ಸ್ ಹಾಗಲ್ಲ; ಅಲ್ಲಿ ಸುಮಾರು 90,000 ಜನ. ಸುತ್ತಣ ಸೀಮೆ ದ್ರಾಕ್ಷಿಗೂ ಆಲಿವ್ ಮರಕ್ಕೂ ಒಗ್ಗಿದ ಕಲ್ಲುನೆಲ. ಗೋಧಿ ಬರಬೇಕಾದರೆ ಕಡಲಿನ ಮೇಲೆ ಬರಬೇಕು, ಇಲ್ಲವೆ ಹೇಸರಗತ್ತೆಗಳ ಬೆನ್ನ ಮೇಲೆ ಬರಬೇಕು. ಒಲೆಯ ಸೌದೆಯೂ ಹೊರಗಿನದೇ. ಹಣವಿದ್ದ ಪಟ್ಟಣ, ಕಣಜವಿಲ್ಲದ ಪಟ್ಟಣ.

1720ರ ಮೇ 25ರಂದು ‘ಗ್ರಾಂ ಸೇಂತ್ ಆಂತ್ವಾನ್’ ಎಂಬ ಹಡಗು ಸಿರಿಯಾ ಕಡೆಯಿಂದ ಬಟ್ಟೆಯ ಸರಕನ್ನು ಹೊತ್ತು ಬಂದಿತು. ದಾರಿಯಲ್ಲಿ ಹಲವರು ನಾವಿಕರು ಸತ್ತಿದ್ದರು. ಸರಕಿನಲ್ಲಿ ಪಟ್ಟಣದ ಪೌರಮುಖ್ಯರಲ್ಲೊಬ್ಬನಾದ ಎಸ್ತೆಲ್ ಎಂಬುವನಿಗೂ ಪಾಲಿತ್ತು. ದೂರದ ದ್ವೀಪದಲ್ಲಿ ತಡೆದಿಡಬೇಕಾಗಿದ್ದ ಬಟ್ಟೆಯನ್ನು ಪಟ್ಟಣದ ಮಗ್ಗುಲಿನ ಉಗ್ರಾಣಕ್ಕೆ ಇಳಿಸಿದರು. ಮುಂದಾದುದು ತಿಳಿದೇ ಇದೆ. ಜುಲೈ 31ರಂದು ಏಕ್ಸ್ ನಗರದ ನ್ಯಾಯಸಭೆಯು, ಮಾರ್ಸೇಲ್ಸಿಗೂ ಪ್ರಾಂತಕ್ಕೂ ಇರುವ ಸಂಪರ್ಕವೆಲ್ಲ ರದ್ದು, ಮೀರಿದವರಿಗೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿತು.

ಆಜ್ಞೆ ಬಂದೊಡನೆ ಹೇಸರಗತ್ತೆಗಳು ನಿಂತವು. ನಗರದ ವಕೀಲನಾಗಿದ್ದ ಪಿಷಾತಿ ದ ಕ್ರ್ವಾಸೇಂತ್ ಎಂಬುವನು ಆ ದಿನಗಳ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅದನ್ನು ಓದಿದರೆ, ಪೌರಮುಖ್ಯರನ್ನು ಕಾಡಿದ ಚಿಂತೆಗಳಲ್ಲಿ ಗೋಧಿ, ಮಾಂಸ, ಸೌದೆಗಳು ರೋಗಕ್ಕಿಂತ ಹಿಂದೆ ಬೀಳಲಿಲ್ಲವೆಂದು ಕಾಣುತ್ತದೆ. ಬೊಕ್ಕಸದಲ್ಲಿ ಇದ್ದದ್ದು 1,100 ಲಿವ್ರ ಮಾತ್ರ. ಹೇರಿನವನ ಸ್ಥಿತಿಯನ್ನೂ ನೋಡಬೇಕು. ಅವನು ಪಟ್ಟಣದೊಳಕ್ಕೆ ಕಾಲಿಟ್ಟರೆ ಮರಳಿ ತನ್ನ ಹಳ್ಳಿಗೆ ಹೋಗುವಂತಿಲ್ಲ. ಹೋದರೆ ಹಳ್ಳಿಯವರೇ ಹೊಡೆದಟ್ಟುವರು. ಎಷ್ಟು ಬೆಲೆ ಕೊಟ್ಟರೆ ತಾನೇ ಅವನು ಬಂದಾನು?

ಆಗಸ್ಟ್ ತಿಂಗಳ ಮೊದಲಲ್ಲಿ ಪೌರಮುಖ್ಯರೂ ಪ್ರಾಂತದ ಅಧಿಕಾರಿಗಳೂ ದೂರದೂರ ನಿಂತುಕೊಂಡೇ ಮಾತುಕತೆ ನಡಸಿ, ಪಟ್ಟಣದಿಂದಾಚೆ ಸಂತೆಗಳನ್ನು ಏರ್ಪಡಿಸಿದರು. ಏಕ್ಸ್ ದಾರಿಯಲ್ಲಿ ಎರಡು ಹರದಾರಿಯ ಮೇಲೆ ಒಂದು. ಓಬಾನ್ಯದ ದಾರಿಯಲ್ಲಿ ಇನ್ನೊಂದು. ಕಡಲಿನಿಂದ ಬರುವ ಸರಕಿಗಾಗಿ ಲೆಸ್ತಾಕ್ ಎಂಬ ರೇವಿನಲ್ಲಿ ಮತ್ತೊಂದು. ಅಡ್ಡಗಟ್ಟೆ ಒಂದಲ್ಲ, ಎರಡು; ಅವುಗಳ ನಡುವೆ ಬರಿದಾದ ನೆಲ; ಕಾವಲಿನವರು. ಮಾರುವವರು ಆ ಕಡೆ, ಕೊಳ್ಳುವವರು ಈ ಕಡೆ, ಚೌಕಾಸಿಯೆಲ್ಲ ಕೂಗಿನಲ್ಲಿ. ನಮ್ಮ ಊರುಗಳ ಸಂತೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವುದನ್ನು ಕಂಡವರಿಗೆ, ಎರಡು ಕಟ್ಟೆಗಳ ನಡುವೆ ಎಲ್ಲರಿಗೂ ಕೇಳುವಂತೆ ಕೂಗಿ ಬೆಲೆ ಹೇಳುವ ಆ ಸಂತೆ ವಿಚಿತ್ರವಾಗಿಯೇ ತೋರಬಹುದು. ಅಂತೂ ಹೇರಿನವನು ಅದೇ ದಿನ ಮನೆಗೆ ಮರಳಬಹುದಾಯಿತು.

ಸಂತೆಯಾದೊಡನೆ ಕಷ್ಟ ಮುಗಿಯಲಿಲ್ಲ. ಆ ವರ್ಷವೇ ಜಾನ್ ಲಾ ಎಂಬುವನ ಕಾಗದದ ನೋಟುಗಳು ಫ್ರಾನ್ಸಿನಲ್ಲೆಲ್ಲ ಬೆಲೆಗೆಟ್ಟು, ವರ್ಷ ಕಳೆಯುವುದರೊಳಗೆ ಚಲಾವಣೆಯಿಂದಲೇ ಹೋದುವು. ಕೈಯಲ್ಲಿ ನೋಟಿದ್ದವನಿಗೆ ಗೋಧಿ ಸಿಕ್ಕುವುದೆಂಬ ಭರವಸೆಯಿರಲಿಲ್ಲ. ಗೋಧಿ ಬಂದರೂ ರೊಟ್ಟಿಯಾಗಬೇಕಲ್ಲ. ಒಲೆಯವರು ಓಡಿಹೋಗಿದ್ದರು, ಕಸಾಯಿಯವರು ಅಂಗಡಿ ಮುಚ್ಚಿದ್ದರು. ಸೆಪ್ಟೆಂಬರಿನಲ್ಲಿ ಲಾಂಜರೋನ್ ಎಂಬ ಸೇನಾಧಿಕಾರಿಯ ಕೈಗೆ ಅಧಿಕಾರ ಬಂದ ಮೇಲೆ ಪಟ್ಟಣ ಒಂದು ವ್ಯವಸ್ಥೆಗೆ ಬಂದಿತು. ಪೋಪ್ ಹನ್ನೊಂದನೆಯ ಕ್ಲೆಮೆಂಟನು ಬಡವರಿಗೆಂದು ಗೋಧಿಯ ಹಡಗುಗಳನ್ನು ಕಳುಹಿಸಿದನು. ಅವು ಬಾರ್ಬರಿ ಕರಾವಳಿಯ ಕಡಲುಗಳ್ಳರಿಗೆ ಸಿಕ್ಕಿಬಿದ್ದು, ಗೋಧಿ ಯಾರಿಗೆಂದು ತಿಳಿದ ಮೇಲೆ ಅವರು ಬಿಟ್ಟುಕೊಟ್ಟರೆಂದು ಹೇಳುತ್ತಾರೆ. ಕಳ್ಳರ ಧರ್ಮಬುದ್ಧಿಗೆ ನಾವು ತಲೆಬಾಗಬೇಕು. ಆದರೂ ದೊಡ್ಡ ಪಟ್ಟಣವೊಂದು ತಿಂಗಳುಗಟ್ಟಲೆ ಉಣ್ಣುವುದು ದಾನದ ಹಡಗಿನಿಂದಲ್ಲ. ನೂರಾರು ಮಂದಿ ರೈತರು ತಮ್ಮ ಲಾಭಕ್ಕಾಗಿ ದಿನವೂ ಹೇರು ಕಟ್ಟಿದರೆ ಮಾತ್ರ.

ಪಟ್ಟಣದ ಅರ್ಧದಷ್ಟು ಜನ, ಎಂದರೆ 40,000ಕ್ಕೂ ಹೆಚ್ಚು ಮಂದಿ ಸತ್ತರು. ದಾರಿ ಮುಚ್ಚಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಮುಚ್ಚುವ ಆಜ್ಞೆ ಮೊದಲು ಹೊರಟು, ಸಂತೆಯ ಏರ್ಪಾಡು ಆಮೇಲೆ ಹೊಳೆದದ್ದು ತಪ್ಪು. ಕಟ್ಟೆಯೂ ಸಂತೆಯೂ ಒಂದೇ ಆಜ್ಞೆಯಲ್ಲಿ ಇರಬೇಕಾಗಿತ್ತು.

ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದನು. ಇಲಿಯ ಚಿಗಟವೇ ಅದರ ವಾಹನವೆಂದು ಸೀಮಾನ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ನಾಣ್ಯವನ್ನು ವಿನಿಗರಿನಲ್ಲಿ ಅದ್ದಿದ್ದರಿಂದ ಹೆಚ್ಚೇನೂ ಆಗಿರಲಾರದೆಂದು ಈಗ ಹೇಳಬಹುದು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಹೀಗಾಗಿ ಊಟವೊದಗಿಸುವ ಮಂಡಿಯೇ ಮೃತ್ಯುವಿನ ಮನೆಯೂ ಆಗಬಲ್ಲುದು.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ನಮ್ಮ ನಾಡಿನವರಿಗೂ ಇದು ಅನುಭವಕ್ಕೆ ಬಂದಿತು. ‘ಇಲಿ ಬಿತ್ತು’ ಎಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಬಯಲಿನ ಗುಡಿಸಲು ಸೇರುತ್ತಿದ್ದರು. ಹಳ್ಳಿಗಳಲ್ಲಿ ರಾಗಿ ನೆಲದೊಳಗಿನ ಹಗೇವುಗಳಲ್ಲಿ ಮುಚ್ಚಿಟ್ಟಿರುತ್ತಿತ್ತಾಗಿ, ದಾರಿ ಮುಚ್ಚಿದರೂ ಕೆಲವು ಕಾಲ ಸಾಗುತ್ತಿತ್ತು. ಪೇಟೆಯವನಿಗೆ ಹಗೇವು ಎಲ್ಲಿಯದು? ಅವನ ಹಗೇವು ದಾರಿಯ ಮೇಲೆ ಬರುತ್ತಿರುವ ಗಾಡಿಯೇ.

2020ರಲ್ಲಿ ಕೋವಿಡ್ ಬಂದಾಗ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿತು. ಕರ್ನಾಟಕದ ಎಷ್ಟೋ ಹಳ್ಳಿಗಳವರು ದಾರಿಗೆ ಮುಳ್ಳು ಕಡಿದು ಹಾಕಿದರು. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬಳ್ಳಿಯಲ್ಲೇ ಉಳಿಯಿತು, ಹೂವು ತಿಪ್ಪೆಗೆ ಹೋಯಿತು. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರವನ್ನು ಸರ್ಕಾರ ಮೇ ತಿಂಗಳಲ್ಲಿ ಘೋಷಿಸಿತು. ಬೆಂಗಳೂರಿನ ಕಲಾಸಿಪಾಳ್ಯದ ತರಕಾರಿ ಮಂಡಿಯನ್ನು ಊರಾಚೆಯ ಸಿಂಗೇನ ಅಗ್ರಹಾರಕ್ಕೆ ಸಾಗಿಸಿದರು. ಹಳೆಯ ಮಂಡಿ ಸೆಪ್ಟೆಂಬರ್ 1ರವರೆಗೆ ತೆರೆಯಲಿಲ್ಲ. ಏಕ್ಸ್ ದಾರಿಯ ಸಂತೆಯೇ ಮುನ್ನೂರು ವರ್ಷಗಳ ಮೇಲೆ ಮತ್ತೆ ನೆರೆಯಿತೆನ್ನಬೇಕು. ಆಹಾರದ ಲಾರಿಗಳಿಗೆ ಮೊದಲ ದಿನದಿಂದಲೇ ಅಪ್ಪಣೆಯಿತ್ತು. ಆದರೆ ಲಾರಿ ನಡಸುವವನಿಗೆ ದಾರಿಯಲ್ಲಿ ಊಟ ಸಿಕ್ಕುತ್ತಿರಲಿಲ್ಲ, ಚಕ್ರ ಕೆಟ್ಟರೆ ರಿಪೇರಿಯವನಿರಲಿಲ್ಲ. ಹೆದ್ದಾರಿಯ ಢಾಬಾಗಳೂ ಲಾರಿ ರಿಪೇರಿಯ ಅಂಗಡಿಗಳೂ ತೆರೆಯಬಹುದೆಂದು ಕೇಂದ್ರದ ಗೃಹಖಾತೆಯ ನಿರೂಪ ಹೊರಟದ್ದು ಏಪ್ರಿಲ್ 15ರಂದು, ಬಾಗಿಲು ಮುಚ್ಚಿದ ಮೂರು ವಾರಗಳ ಮೇಲೆ.