ಹದಿನೈದರಿಂದ ಐವತ್ತರವರೆಗೆ: ಹಳೆಯ ಸ್ಪೋರ್ಟ್ಸ್ ಕಾರನ್ನು ಸಾಕುವ ಚರಿತ್ರೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಬದುಕು ಲೋಕಲ್ ರೈಲಿನ ವೇಳಾಪಟ್ಟಿಗೆ ಕಟ್ಟುಬಿದ್ದದ್ದು. ಇಲ್ಲಿ ನೆಲೆಸಿದ ಕನ್ನಡಿಗರಾದ ನಾವು ನಮ್ಮ ಚರಿತ್ರೆಯನ್ನು ಹೇಳಿಕೊಳ್ಳುವಾಗ ರೈಲು, ಗಿರಣಿ, ಹೋಟೆಲು, ರಾತ್ರಿಶಾಲೆಗಳನ್ನು ನೆನೆಯುತ್ತೇವೆ. ಮೋಟಾರು ಕಾರನ್ನು ನೆನೆಯುವುದು ಅಪರೂಪ. ಆದರೂ ಭಾರತದ ಕಾರು ಉದ್ಯಮದ ಕೆಲವು ಪುಟಗಳು ಈ ಪರಿಸರದಲ್ಲೇ ಬರೆಯಲ್ಪಟ್ಟಿವೆ. ಇನ್ನೊಂದು ಪುಟ ನಮ್ಮ ತಾಯ್ನಾಡಾದ ಕರ್ನಾಟಕಕ್ಕೆ ಸೇರಿದ್ದು. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಇಟ್ಟುಕೊಳ್ಳಲು ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಗ್ಯಾರೇಜಿನ ಬಿಲ್ಲಿನಲ್ಲಿ ಅರ್ಧ ಮಾತ್ರ ದೊರೆಯುತ್ತದೆ; ಉಳಿದರ್ಧ ಈ ಪುಟಗಳಲ್ಲಿದೆ.

ಪರವಾನಗಿ ರಾಜ್ಯದ ಕಾಲದಲ್ಲಿ ನಮ್ಮ ದೇಶಕ್ಕೆ ಸ್ಪೋರ್ಟ್ಸ್ ಕಾರು ಎಂಬುದೇ ಒಂದು ಅಪರಿಚಿತ ವಸ್ತು. ವೇಗದ ಹುಚ್ಚಿದ್ದವರು ಮನೆಬಳಕೆಯ ಫಿಯೆಟ್, ಹೆರಾಲ್ಡ್ ಕಾರುಗಳನ್ನೇ ಬಿಚ್ಚಿ, ತಿದ್ದಿ, ಮದರಾಸಿನ ಸಮೀಪದ ಶೋಲಾವರಂ ವಿಮಾನಪಟ್ಟಿಯಲ್ಲಿ ಓಡಿಸುತ್ತಿದ್ದರು. 1993ರಲ್ಲಿ ಕಾರು ತಯಾರಿಕೆ ಪರವಾನಗಿಯಿಂದ ಮುಕ್ತವಾಯಿತು. ಆ ಬಳಿಕ ಹೊಸ ಸಾಹಸಕ್ಕೆ ಇಳಿದವರಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಒಂದು. ಅದರ ಮಾತೃಸಂಸ್ಥೆ ರೈಲ್ವೆ ಎಂಜಿನುಗಳನ್ನು ಕಟ್ಟುತ್ತಿದ್ದ ಬೆಂಗಳೂರಿನ ಕಂಪನಿ. 1998ರಲ್ಲಿ ಅದು ಹೊರತಂದ 'ಸ್ಟಾರ್ಮ್' ಎರಡು ಆಸನಗಳ, ಮೇಲ್ಛಾವಣಿ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. ವಿನ್ಯಾಸ ಬ್ರಿಟನ್ನಿನದು, ಎಂಜಿನು ಫ್ರಾನ್ಸಿನ ರೆನೋ ಕ್ಲಿಯೊ ಕಾರಿನದು, ಜೋಡಣೆ ಗೋವೆಯದು. 1149 ಸಿಸಿ, ಸುಮಾರು 60 ಅಶ್ವಶಕ್ತಿ. ಹೊರಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು.

ಕಡಲ ಉಪ್ಪು ಬೆರೆತ ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 2500 ಮಿಲಿಮೀಟರ್ ಮಳೆ ಇರುವ ಥಾಣೆ ಪರಿಸರದಲ್ಲಿ ತುಕ್ಕು ಹಿಡಿಯದ ಮೈ ಒಂದು ವರವೆಂದೇ ತೋರುತ್ತದೆ. ಆದರೆ ಕಾರು ಸಾಯುವುದು ಮೈಯಿಂದಷ್ಟೇ ಅಲ್ಲ. ಕ್ಲಿಯೊ ಭಾರತದಲ್ಲಿ ಮಾರಾಟವಾಗಲೇ ಇಲ್ಲ. ಸ್ಟಾರ್ಮ್ ತಯಾರಾದದ್ದು ಅಲ್ಪ ಸಂಖ್ಯೆಯಲ್ಲಿ. ಆದ್ದರಿಂದ ಅದರ ಎಂಜಿನಿಗೆ ಈ ದೇಶದ ಅಂಗಡಿಗಳಲ್ಲಿ ಬಂಧುಗಳೇ ಇಲ್ಲ. ಒಂದು ಸಣ್ಣ ಸೆನ್ಸರ್, ಒಂದು ಗ್ಯಾಸ್ಕೆಟ್ ಬೇಕಾದರೂ ಪರದೇಶದಿಂದ ತರಿಸಬೇಕು. ಬೆಲೆಗಿಂತ ಸಾಗಣೆ ಹೆಚ್ಚು, ಸಾಗಣೆಯ ಮೇಲೆ ಸುಂಕ, ಅದರ ಮೇಲೆ ವಾರಗಟ್ಟಲೆ ಕಾಯುವಿಕೆ.

ಇದಕ್ಕೆ ಎದುರಾಗಿ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಾರನ್ನು ನೋಡೋಣ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಆ ಸಂಸ್ಥೆ 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಿಸಿದ ಕಾರು, ಚಿತ್ತೋಡದ ರಾಣಿಯ ಹೆಸರು ಹೊತ್ತು 'ಪ್ರೀಮಿಯರ್ ಪದ್ಮಿನಿ'ಯಾಗಿ ಶತಮಾನದ ಕೊನೆಯವರೆಗೂ ಬಂತು. ಅದು ಸ್ಪೋರ್ಟ್ಸ್ ಕಾರಲ್ಲ. ಅದರ 1089 ಸಿಸಿ ಎಂಜಿನಿನ ಶಕ್ತಿ ಸ್ಟಾರ್ಮ್‌ಗಿಂತ ಕಡಿಮೆ. ಆದರೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾಗಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದದ್ದರಿಂದ ಅದನ್ನು ಬಲ್ಲ ಕೈಗಳು ಬೀದಿಬೀದಿಯಲ್ಲಿ ಹುಟ್ಟಿದವು. ಒಪೆರಾ ಹೌಸ್ ಪರಿಸರದ ಬಿಡಿಭಾಗದ ಅಂಗಡಿಗಳು, ಕುರ್ಲಾದ ಗುಜರಿ ಸಾಲುಗಳು, ಬೆಂಗಳೂರಿನ ಜೆ.ಸಿ. ರಸ್ತೆ ಎಲ್ಲ ಕಡೆಯೂ ಅದಕ್ಕೆ ಆಹಾರವಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷಗಳ ಮಿತಿಯಿದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅದು ಬೀದಿಯಿಂದ ಮರೆಯಾಯಿತು. ಅಂದು ನಗರ ಬೀಳ್ಕೊಟ್ಟದ್ದು ಕಾರನ್ನು. ಅದರ ಬೆನ್ನಿಗಿದ್ದ ಕಸುಬುದಾರರ ಲೋಕವೂ ಜೊತೆಗೇ ಕರಗತೊಡಗಿದ್ದನ್ನು ಗಮನಿಸಿದವರು ಕಡಿಮೆ.

ಈ ಎರಡು ಕಾರುಗಳ ನಡುವೆ ನಿಲ್ಲುವುದು ನಮ್ಮ ಊರಿನದೇ ಮೂರನೆಯದು. ಪ್ರೀಮಿಯರ್ ಸಂಸ್ಥೆ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ ಕಲ್ಯಾಣ್ ಕಾರ್ಖಾನೆಯಲ್ಲಿ 1994ರಿಂದ ಪ್ಯೂಜೋ 309 ಕಾರನ್ನು ತಯಾರಿಸಿತು. ಯುರೋಪಿನಲ್ಲಿ ಇದೇ 309ಕ್ಕೆ 'ಜಿಟಿಐ' ಎಂಬ ವೇಗದ ಅವತಾರವೂ ಇತ್ತು. ಕಾರ್ಮಿಕ ಕಲಹದ ನಡುವೆ 1997ರಲ್ಲಿ ಪ್ಯೂಜೋ ನಿರ್ಗಮಿಸಿತು. ಡೊಂಬಿವಲಿಯಲ್ಲಿ 'ಪ್ರೀಮಿಯರ್ ಗ್ರೌಂಡ್' ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅಲ್ಲೀಗ ಸಭೆ ಸಮಾರಂಭಗಳು ನಡೆಯುತ್ತವೆ. ಸಾಲ ಮಾಡಿ 309 ಕೊಂಡಿದ್ದ ಮಧ್ಯಮ ವರ್ಗದ ಕುಟುಂಬಗಳಿಗೆ ಮಾತ್ರ ಅನಾಥ ಕಾರನ್ನು ಸಾಕುವ ಹೊಣೆ ಉಳಿಯಿತು. ತಯಾರಕ ಊರು ಬಿಟ್ಟ ದಿನವೇ ಕಾರು ಮುಪ್ಪಾಗುತ್ತದೆ ಎಂಬ ಪಾಠವನ್ನು ಕಲ್ಯಾಣ್ ಅಂದೇ ಕಲಿತಿತ್ತು.

ಇನ್ನು ಖರ್ಚಿನ ಸ್ವರೂಪ. ಹಿಂದೆ ಕುದುರೆ ಕಟ್ಟಿದವರಿಗೆ ಸವಾರಿ ಇರಲಿ ಬಿಡಲಿ ಹುಲ್ಲು-ಹುರುಳಿಯ ವೆಚ್ಚ ತಪ್ಪುತ್ತಿರಲಿಲ್ಲ. ಹಳೆಯ ಸ್ಪೋರ್ಟ್ಸ್ ಕಾರಿನ ಸ್ವಭಾವವೂ ಅದೇ. ಓಡಿಸಿದರೆ ಸವೆಯುತ್ತದೆ, ನಿಲ್ಲಿಸಿದರೆ ಕೊಳೆಯುತ್ತದೆ. ಸೊಸೈಟಿಯ ಕಾಂಪೌಂಡಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ ಕಾರಿನ ಬ್ಯಾಟರಿ ತಾನಾಗಿ ಬರಿದಾಗುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳನ್ನು ಒಳಗಿನಿಂದ ತಿನ್ನುತ್ತದೆ. ಟೈರು, ಹೋಸ್‌ಪೈಪು, ಬುಶ್ಶು, ಬಾಗಿಲಿನ ಬೀಡಿಂಗು, ಹೀಗೆ ರಬ್ಬರಿನದೆಲ್ಲ ಕಿಲೋಮೀಟರ್ ಲೆಕ್ಕ ನೋಡದೆ ವರ್ಷದ ಲೆಕ್ಕದಲ್ಲೇ ಬಿರುಕು ಬಿಡುತ್ತದೆ. ಮಡಚುವ ಛಾವಣಿಯ ಹೊಲಿಗೆ ಸಡಿಲವಾದರೆ ಕೊಂಕಣದ ಮಳೆ ಒಳನುಗ್ಗಿ, ಚಾಪೆಯಡಿಯ ವೈರಿಂಗನ್ನು ಹಾಳುಮಾಡುತ್ತದೆ. ಫೈಬರ್ ಮೈಯೊಳಗಿನ ಚೌಕಟ್ಟು, ತಿರುಪು, ಬ್ರೇಕ್ ಪೈಪುಗಳು ಲೋಹದವೇ ಆದ್ದರಿಂದ ಅವಕ್ಕೆ ತುಕ್ಕು ತಪ್ಪಿದ್ದಲ್ಲ. ಹೊರಗೆ ಹೊಳಪಿರುವುದರಿಂದ ಒಳಗಿನ ತುಕ್ಕು ಕಣ್ಣಿಗೆ ಬೀಳುವುದೂ ತಡ.

ಟೈಮಿಂಗ್ ಬೆಲ್ಟು ಇನ್ನೊಂದು ಉದಾಹರಣೆ. 1982ರಿಂದ 1991ರವರೆಗೆ ತಯಾರಾದ ಪೋರ್ಶೆ 944ರಂಥ ಕಾರುಗಳಲ್ಲಿ ಆ ರಬ್ಬರ್ ಪಟ್ಟಿ ತುಂಡಾದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಎಂಜಿನೇ ನಾಶವಾಗುತ್ತದೆ. ಬೆಲ್ಟಿನ ಬೆಲೆ ಅಲ್ಪ, ಅದನ್ನು ಬದಲಿಸುವ ಕೂಲಿ ಹೆಚ್ಚು, ಬದಲಿಸದಿದ್ದರೆ ಆಗುವ ನಷ್ಟಕ್ಕೆ ಮಿತಿಯಿಲ್ಲ. ಈಗ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಎಲ್ಲೆಡೆ ಬಂದಿದೆ. ಎಥನಾಲ್ ತೇವವನ್ನು ಸೆಳೆಯುವಂಥದು. ಹಳೆಯ ಕಾಲದ ರಬ್ಬರ್ ಸೀಲುಗಳು, ಕಾರ್ಬ್ಯುರೇಟರಿನ ಒಳಭಾಗಗಳು ಅದಕ್ಕಾಗಿ ಮಾಡಿದವಲ್ಲ. ಬೇಡಿಕೆಯಿಲ್ಲದೆ ಹೊಸ ಖರ್ಚೊಂದು ಮನೆಗೆ ಬಂದಿದೆ.

ವಿಮೆ ಈ ಭಾರವನ್ನು ಪೂರ್ತಿ ಹೊರುವುದಿಲ್ಲ. ನಮ್ಮ ದೇಶದ ಮೋಟಾರು ವಿಮೆಯ ರೂಢಿಯ ಪ್ರಕಾರ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ. 50, ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30, ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ. 50 ಸವಕಳಿ ಕಳೆದೇ ಪರಿಹಾರ ಕೊಡುತ್ತಾರೆ. 2005ರ ಜುಲೈ 26ರಂದು ಉಲ್ಹಾಸ್ ನದಿ ಉಕ್ಕಿ ಕಲ್ಯಾಣ್ ಪರಿಸರ ಮುಳುಗಿದ್ದನ್ನು ಕಂಡವರಿಗೆ ಈ ಲೆಕ್ಕದ ಅರ್ಥ ತಿಳಿದಿದೆ. ನೆಲಕ್ಕೆ ತಾಗಿದಂತೆ ಇರುವ ಸ್ಪೋರ್ಟ್ಸ್ ಕಾರಿಗೆ ಮೊಣಕಾಲುದ್ದದ ನೀರೇ ಪ್ರಳಯ.

ಕಾನೂನಿನ ಲೆಕ್ಕವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ. ಅನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಕಲ್ಯಾಣಿನ ಎಂಎಚ್ 05 ಇರಲಿ, ಥಾಣೆಯ 04 ಇರಲಿ, ನವಿ ಮುಂಬಯಿಯ 43 ಇರಲಿ, ನಿಯಮ ಒಂದೇ. ಕಾರಿನ ನವೀಕರಣದ ಕೇಂದ್ರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಆಮದು ಕಾರಿಗೆ 80,000 ಆಯಿತು. ರಾಜ್ಯದ ಪರಿಸರ ತೆರಿಗೆ ಬೇರೆ. ಅದೇ ಸರಕಾರ 2021ರ ನಿಯಮದಲ್ಲಿ 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ 'ವಿಂಟೇಜ್' ಗೌರವವನ್ನೂ, 'ವಿಎ' ಅಕ್ಷರದ ಪ್ರತ್ಯೇಕ ಸಂಖ್ಯಾಫಲಕವನ್ನೂ ಕೊಟ್ಟಿದೆ.

ನಮ್ಮ ಮಾತಿನ ತಿರುಳು ಇಲ್ಲಿದೆ. 1974ರ ಪದ್ಮಿನಿ ಈಗಾಗಲೇ ವಿಂಟೇಜ್ ಅರ್ಹತೆ ಪಡೆದಿದೆ. 1998ರ ಸ್ಟಾರ್ಮ್ ಅದಕ್ಕಾಗಿ 2048ರವರೆಗೆ ಕಾಯಬೇಕು. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷ ಕಾರು ಹೊಸದೂ ಅಲ್ಲ, ಪರಂಪರೆಯೂ ಅಲ್ಲ. ಕಾನೂನಿನ ಕಣ್ಣಿಗೆ ಹೊಗೆಯುಗುಳುವ ಹಳೆಯ ಕಬ್ಬಿಣ. ಹೊಗೆಯ ಚಿಂತೆ ನಿಜವಾದದ್ದೇ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ವರ್ಷಕ್ಕೆ ಕೆಲವು ಭಾನುವಾರಗಳಂದು ಪಾಮ್ ಬೀಚ್ ರಸ್ತೆಯಲ್ಲಿ ಸುತ್ತಿ ಬರುವ ಕಾರನ್ನೂ ದಿನವಿಡೀ ಓಡುವ ವಾಹನವನ್ನೂ ವಯಸ್ಸೊಂದರಿಂದಲೇ ಅಳೆಯುವುದು ಸರಿಯಾದ ತಕ್ಕಡಿಯಲ್ಲ. ಮುಂದೆ ಪರಂಪರೆಯೆಂದು ನಾವು ತೋರಿಸಿಕೊಳ್ಳಬೇಕಾದ ಕಾರುಗಳು ಅಳಿಯುವುದು ಈ ನಡುವಯಸ್ಸಿನಲ್ಲೇ.

ಬ್ರಿಟನ್ನಿನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ 'ಎಂಜಿಬಿ' ಸ್ಪೋರ್ಟ್ಸ್ ಕಾರಿಗೆ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ 1988ರಿಂದ ಮೂಲ ಅಚ್ಚುಗಳಲ್ಲೇ ಹೊಸ ಮೈಯನ್ನು ಮಾಡಿಕೊಡುತ್ತಿದೆ. ಅಲ್ಲಿನ ಸಂಖ್ಯಾಬಲ ಸ್ಟಾರ್ಮ್‌ಗೆ ಇಲ್ಲ, ಬರುವುದೂ ಇಲ್ಲ. ಆದರೆ ಡೊಂಬಿವಲಿ ಎಂಐಡಿಸಿ, ಥಾಣೆಯ ವಾಗ್ಳೆ ಎಸ್ಟೇಟ್, ಥಾಣೆ-ಬೇಲಾಪುರ ಪಟ್ಟಿಗಳಂಥ ಕಡೆ ಲೇತ್ ಯಂತ್ರದ ಮುಂದೆ ನಿಂತು ಮಾದರಿ ನೋಡಿ ಬುಶ್ ತಿರುವಬಲ್ಲ, ಫೈಬರ್ ಎರಕ ಹೊಯ್ಯಬಲ್ಲ ಕಸುಬುದಾರರಿದ್ದಾರೆ. ಬೆಂಗಳೂರಿನಲ್ಲಿ ಸಿಕ್ಕ ಬಿಡಿಭಾಗವೊಂದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹಲಸಿನ ಹಪ್ಪಳದ ಜೊತೆ ಕಲ್ಯಾಣಿನಲ್ಲಿ ಇಳಿಯಬಲ್ಲದು. ಅಳತೆಗಳನ್ನು ಬರೆದಿಟ್ಟು, ಮಾಡಿಸಿದ ಭಾಗವನ್ನು ಒಂದರ ಬದಲು ಹತ್ತು ಮಾಡಿಸಿ ಹಂಚಿಕೊಂಡರೆ ಒಬ್ಬನ ಖರ್ಚು ಹತ್ತರಲ್ಲಿ ಹರಿಯುತ್ತದೆ.

ಆದ್ದರಿಂದ ಹಳೆಯ ಸ್ಪೋರ್ಟ್ಸ್ ಕಾರು ಅಗ್ಗದಲ್ಲಿ ಸಿಕ್ಕಿತೆಂದು ಹಿಗ್ಗುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ಇದರ ಒಡಹುಟ್ಟುಗಳು ಎಷ್ಟು ಉಳಿದಿವೆ? ಬಿಡಿಭಾಗ ಯಾರ ಬಳಿ ಇದೆ? ಇದನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗೆ ಈಗ ವಯಸ್ಸೆಷ್ಟು, ಅವನ ಬಳಿ ಕಲಿಯುತ್ತಿರುವ ಹುಡುಗ ಇದ್ದಾನೆಯೇ? ಕೊನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ, ಎಷ್ಟೇ ಹಣವಿದ್ದರೂ ಆ ಕಾರು 2048ನ್ನು ಕಾಣುವುದಿಲ್ಲ.