ಸೈಕಲ್ಲಿಗೆ ಯಾವ ಹಾದಿ? – ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ

ನಮ್ಮ ಕಡೆ ಸೈಕಲ್ ಓಡಿಸೋದಿಲ್ಲ, ಹೊಡೀತೀವಿ. ಹಾಗೆ ಸೈಕಲ್ ಹೊಡೆಯುವ ಚಟ ನನಗೆ ಹತ್ತಿ ಬಹಳ ವರ್ಷಗಳಾದವು. ಈ ಚಟದವರು ಎಲ್ಲಿ ಸೇರಿದರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಯಾವ ಹಾದಿ ಹಿಡದ್ರ ಸುರಕ್ಷಿತ ಮನೀಗೆ ಬರ್ತೀವ್ರೀ?" ಕೇಳಿದವರು ನಗುತ್ತಾ ಕೇಳಿರುತ್ತಾರೆ, ಆದರೆ ಪ್ರಶ್ನೆ ನಗುವಂಥದ್ದಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಾದಿಗಳನ್ನೆಲ್ಲ ತುಳಿದೆ. ತುಳಿಯುತ್ತಾ ಹೋದಂತೆ ಒಂದು ವಿಷಯ ಹೊಳೆಯಿತು. ಈ ನಾಡಿನಲ್ಲಿ "ಯಾವ ಹಾದಿ ಸುರಕ್ಷಿತ" ಅನ್ನುವುದು ಸೈಕಲ್ ಬಂದ ಮೇಲೆ ಹುಟ್ಟಿದ ಪ್ರಶ್ನೆಯೇ ಅಲ್ಲ. ಇನ್ನೂರು ವರ್ಷಗಳಿಂದ ಇದನ್ನೇ ಕೇಳುತ್ತಾ ಬಂದಿದ್ದಾರೆ. ಅಂಜಿಕೆ ಮಾತ್ರ ಬದಲಾಗಿದೆ.

ಮೊದಲಿನ ಅಂಜಿಕೆ ಹೊಳೆಯದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ.ಹುಬ್ಬಳ್ಳಿ ದಾಟಿ, ನವಿಲುತೀರ್ಥದಲ್ಲಿ ಗುಡ್ಡ ಸೀಳಿ, ಮುನವಳ್ಳಿ, ರಾಮದುರ್ಗ ಹಾಯ್ದು ಹೋಗುತ್ತಾಳೆ. ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲ ಬಂತೆಂದರೆ ಈ ಕಡೆಯವರು ಈ ಕಡೆಗೇ, ಆ ಕಡೆಯವರು ಆ ಕಡೆಗೇ. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಆರ್ಥರ್ ವೆಲ್ಲೆಸ್ಲಿ (ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲಿಂಗ್ಟನ್, ಅವನೇ) ಈ ಹೊಳೆಯನ್ನೇ ತನ್ನ ಆಯುಧ ಮಾಡಿಕೊಂಡ. ಜುಲೈ 30ರಂದು ಅಳಗವಾಡಿಯ ಕಡೆಯಿಂದ 26 ಮೈಲು, ಅಂದರೆ 42 ಕಿಲೋಮೀಟರಿನಷ್ಟು ದಾರಿ ನಡೆದು ಬಂದು, ಮುನವಳ್ಳಿ ಎದುರಿನ ದಂಡೆಯಲ್ಲಿ ಬೀಡುಬಿಟ್ಟಿದ್ದವರ ಮೇಲೆ ಮಧ್ಯಾಹ್ನ ಮೂರರ ಸುಮಾರಿಗೆ ಬಿದ್ದ. ಎದುರಿಗೆ ಕುದುರೆಪಡೆ, ಬೆನ್ನಿಗೆ ತುಂಬಿದ ಹೊಳೆ. ಬಹಳ ಜನ ನೀರುಪಾಲಾದರು. ಒಳ್ಳೆಯ ರಸ್ತೆಯಲ್ಲಿ ಗೇರ್ ಸೈಕಲ್ ಮೇಲೆ 42 ಕಿಲೋಮೀಟರ್ ಹೊಡೆದು ನಾವು ಫೋಟೋ ಹಾಕಿಕೊಳ್ಳುತ್ತೇವೆ, ಆ ದಂಡು ಜುಲೈ ತಿಂಗಳ ಎರೆಮಣ್ಣಿನಲ್ಲಿ ಆ ದೂರ ಬಂದಿತ್ತು.

ಎರೆಮಣ್ಣು ಎಂದೆನಲ್ಲ, ಅದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕಿತ್ತೂರಿನ ಪಶ್ಚಿಮಕ್ಕೆ ಮಸಾರಿ ನೆಲ, ಮಲೆನಾಡಿನ ಸೆರಗು. ಬೈಲಹೊಂಗಲದಿಂದ ಮೂಡಣಕ್ಕೆ ಹೋದಂತೆ ಕಪ್ಪು ಎರಿಹೊಲ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು, ಮಳೆ ಬಿದ್ದರೆ ಅಂಟು. ಒಂದು ಫರ್ಲಾಂಗ್ ಹೋಗುವುದರೊಳಗೆ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮಣ್ಣು ತುಂಬಿ ಸೈಕಲ್ ನಿಂತುಬಿಡುತ್ತದೆ. ಆಮೇಲೆ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವು ಸೈಕಲ್ ಹೊರಬೇಕು :-)

ಎರಡನೆಯ ಅಂಜಿಕೆ ಮನುಷ್ಯರದು. ಅದಕ್ಕೆ ರಾಮದುರ್ಗದ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1858ರ ಮೇ ತಿಂಗಳು. ದಕ್ಷಿಣ ಮರಾಠಾ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿಯ ಸಂಸ್ಥಾನಿಕ ನರಗುಂದದ ಬಾಬಾಸಾಹೇಬನಿಗೆ ಮಲ ಅಣ್ಣತಮ್ಮನ ಸಂಬಂಧ. ನರಗುಂದದ ಮೇಲೆ ಹೋಗಬೇಡ, ಆ ಹಾದಿ ಸರಿಯಿಲ್ಲ ಎಂದು ಅವನೇ ಎಚ್ಚರಿಕೆ ಕೊಟ್ಟ. ಮ್ಯಾನ್ಸನ್ ಕೇಳಲಿಲ್ಲ. ಮೇಣೆಯಲ್ಲಿ ಕೂತು ಕೆಲವೇ ಸವಾರರೊಡನೆ ಹೊರಟು ರಾತ್ರಿ ಸುರೇಬಾನದಲ್ಲಿ ತಂಗಿದ. ಮೇ 29ರ ರಾತ್ರಿ ಅಲ್ಲಿಯೇ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಸತ್ತ. ಎರಡು ವಾರದೊಳಗೆ, ಜೂನ್ 12ಕ್ಕೆ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನರಗುಂದ ಬಂಡಾಯ ಅಂತ ಶಾಲೆಯಲ್ಲಿ ಎರಡು ಸಾಲು ಓದಿರುತ್ತೇವೆ. ಅದರೊಳಗೆ "ಯಾವ ಹಾದಿಯಿಂದ ಹೋಗಲಿ" ಎನ್ನುವ ಇಂಥ ಒಂದು ಮಾತುಕತೆ ಇತ್ತು ಎನ್ನುವುದು ಆ ಸುರೇಬಾನದ ರಸ್ತೆಯಲ್ಲಿ ಸೈಕಲ್ ಹೊಡೆಯುವಾಗ ನೆನಪಾಗುತ್ತದೆ.

ಕಿತ್ತೂರಿನದು ನಿಮಗೆಲ್ಲ ಗೊತ್ತಿರುವುದೇ. 1824ರ ಅಕ್ಟೋಬರ್ 23ಕ್ಕೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು, 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಕಿತ್ತೂರು ಕೋಟೆಯಿಂದ ಬೈಲಹೊಂಗಲದ ಸಮಾಧಿಯವರೆಗಿನ ದಾರಿ ಸುಮಾರು 25 ಕಿಲೋಮೀಟರ್. ಇವತ್ತಿಗೂ ಈ ನಾಲ್ಕೂ ಊರುಗಳ ನಡುವೆ ಸೈಕಲ್ಲಿಗೆ ಹೇಳಿಮಾಡಿಸಿದ ದೂರ ಎಂದರೆ ಇದೇ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರಬಹುದು.

ಇನ್ನು ರಸ್ತೆಗಳು ಆದದ್ದು ಹೇಗೆ ಎನ್ನುವುದಕ್ಕೆ ಬರುತ್ತೇನೆ, ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಅದೇ.

ಕಿತ್ತೂರು ಪುಣೆ–ಹರಿಹರ ರಸ್ತೆಯ ಮೇಲಿನ ಊರು. ಟಪಾಲು, ದಂಡು, ಸರಕು ಎಲ್ಲಾ ಅದರ ಮೇಲೆಯೇ. ಬೈಲಹೊಂಗಲ ಹತ್ತಿಯ ಪೇಟೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ನಮ್ಮ ಹತ್ತಿ ಬೇಕಾಯಿತು. ಈ ಸೀಮೆಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹಾಗಾಗಿ ರಸ್ತೆಗಳಿಗೆ ಖಡಿ ಬಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು ನೋಡಿ, ಒಂದು ಹಳಿ ಪಶ್ಚಿಮಕ್ಕೆ ಧಾರವಾಡ, ಲೋಂಡಾ, ಖಾನಾಪುರ ಸುತ್ತಿ ಬೆಳಗಾವಿಗೆ ಹೋಯಿತು. ಇನ್ನೊಂದು ಪೂರ್ವಕ್ಕೆ ಗದಗ, ಬಾದಾಮಿ ಮೇಲೆ ಸೊಲ್ಲಾಪುರದ ಕಡೆ ಹೋಯಿತು. ನಡುವೆ ಸಿಕ್ಕಿದ ನಮ್ಮ ನಾಲ್ಕೂ ಊರುಗಳಿಗೆ ಒಂದಕ್ಕೂ ರೈಲು ಬರಲಿಲ್ಲ. ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ಹೊಸ ಹಳಿಗೆ ಮಂಜೂರಾತಿ ಸಿಕ್ಕಿದೆ, ಆದರೆ ಅದು ಕಿತ್ತೂರಿಗೆ ಮಾತ್ರ. ಅಂದರೆ ಹತ್ತಿ, ಜೋಳ, ಕಬ್ಬು, ಎಲ್ಲಮ್ಮನ ಭಕ್ತರು, ಶಾಲೆಯ ಮಕ್ಕಳು... ನೂರೈವತ್ತು ವರ್ಷಗಳಿಂದ ಎಲ್ಲರೂ ರಸ್ತೆಯ ಮೇಲೆಯೇ. ಸೈಕಲ್ಲಿನವನೂ ಅವರ ನಡುವೆಯೇ.

ಹಳೆಯ ಖಡಿ ರಸ್ತೆಯಲ್ಲಿ ಒಂದು ಜಾಣತನವಿತ್ತು. ನಡುವೆ ಖಡಿ, ಎರಡೂ ಬದಿಗೆ ಅಗಲವಾದ ಮಣ್ಣಿನ ಪಟ್ಟಿ, ಅದರಾಚೆ ಹುಣಸಿ, ಬೇವು, ಆಲದ ಗಿಡ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಇರುತ್ತಿತ್ತು, ಅದು ಖಡಿ ಕೀಳುತ್ತದೆ, ಎತ್ತಿನ ಗೊರಸಿಗೂ ಖಡಿ ಹಿತವಲ್ಲ. ಹಾಗಾಗಿ ಒಣ ದಿನಗಳಲ್ಲಿ ಚಕ್ಕಡಿಗಳು ಬದಿಯ ಮಣ್ಣಿನಲ್ಲೇ ಸಾಗುತ್ತಿದ್ದವು. ಮುಂದೆ ನಡುವಿನ ಖಡಿಗೆ ಡಾಂಬರು ಬಿತ್ತು, ಬಸ್ಸು ಬಂತು, ಆದರೆ ಆ ಮಣ್ಣಿನ ಪಟ್ಟಿ ಉಳಿಯಿತು. ನಮ್ಮ ಹಿರಿಯರು ಸೈಕಲ್ ಹೊಡೆದದ್ದು ಈ ಪಟ್ಟಿಯ ಭರವಸೆಯ ಮೇಲೆ. ಬಸ್ಸಿನ ಹಾರ್ನ್ ಕೇಳಿದರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಕೆಳಗಿಳಿದರಾಯಿತು, ಜೀವಕ್ಕೆ ಅಪಾಯವಿಲ್ಲ. ಬಹಳ ಎಂದರೆ ಜಾಲಿಮುಳ್ಳು ನಟ್ಟು ಪಂಚರ್. ಮುಂದಿನ ಫಾಟಾದಲ್ಲಿ ಬೋಗುಣಿ ನೀರು, ಸೊಲ್ಯೂಷನ್ ಇಟ್ಟುಕೊಂಡು ಒಬ್ಬ ಕೂತೇ ಇರುತ್ತಿದ್ದ.

ಮೊದಲು ಬಂದದ್ದು ವಿಲಾಯತಿ ಸೈಕಲ್ಲುಗಳು, ರ್‍ಯಾಲಿ, ಹಂಬರ್, ಹರ್ಕ್ಯುಲಿಸ್. ಸಾವುಕಾರರಿಗೆ, ಶಾನುಭೋಗರಿಗೆ, ಮಾಸ್ತರಿಗೆ ಮಾತ್ರ. 1949ರಲ್ಲಿ ಮದ್ರಾಸಿನ ಟಿಐ, 1951ರಲ್ಲಿ ಸೋನೀಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನಾದ ಹೀರೋ ಶುರುವಾದ ಮೇಲೆ ಸೈಕಲ್ ಹಾಲಿನವನಿಗೂ ಸಿಕ್ಕಿತು, ಸೀರೆ ಗಂಟು ಕ್ಯಾರಿಯರಿಗೆ ಕಟ್ಟಿಕೊಂಡು ಸಂತೆಗೆ ಹೋಗುವ ರಾಮದುರ್ಗದ ನೇಕಾರನಿಗೂ ಸಿಕ್ಕಿತು. ರಾತ್ರಿ ದೀಪ ಇಲ್ಲದೆ ಹೊಡೆದರೆ ದಂಡ, ಡಬಲ್ ಸೀಟು ಹೊಡೆದರೆ ದಂಡ. ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ. ಇದನ್ನೆಲ್ಲ ಹಿರಿಯರು ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಸೀಮೆಎಣ್ಣೆ ದೀಪ ಆರಿಹೋದ ಸೈಕಲ್ಲಿಗೆ ಅಂದು ದಂಡ ಹಾಕಿದರು. ಇಂದು ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಜೋರಾಗಿ ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರಿಗೆ ಕೇಳುವವರಿಲ್ಲ.

ಆ ಮಣ್ಣಿನ ಪಟ್ಟಿ ಹೋಯಿತು. 1999ರಲ್ಲಿ ಸುವರ್ಣ ಚತುಷ್ಪಥ ಶುರುವಾಗಿ ಪುಣೆ–ಬೆಂಗಳೂರು ರಸ್ತೆ ನಾಲ್ಕು ಪಥವಾಯಿತು, ಆಮೇಲೆ ಇನ್ನೂ ಅಗಲವಾಯಿತು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿ 4 ಎನ್ನುವ ಹೆಸರೂ ಹೋಗಿ 48 ಬಂತು. ಕಾರಿನವರಿಗೆ ಬೆಳಗಾವಿಯಿಂದ ಕಿತ್ತೂರು ಕಣ್ಣುಮುಚ್ಚಿ ತೆರೆಯುವುದರೊಳಗೆ. ಸೈಕಲ್ಲಿನವನಿಗೆ? ಮೊದಲು ಇಳಿದುಕೊಳ್ಳಲು ಜಾಗವಿತ್ತು, ಈಗ ಕಬ್ಬಿಣದ ತಡೆಗೋಡೆ. ಬೈಲಹೊಂಗಲ, ಸವದತ್ತಿ ರಸ್ತೆಗಳಲ್ಲೂ ಸಣ್ಣ ಪ್ರಮಾಣದಲ್ಲಿ ಇದೇ ಆಗಿದೆ. ಅಗಲ ಮಾಡುವುದು ಎಂದರೆ ಬದಿಯ ಮಣ್ಣನ್ನು ಡಾಂಬರು ನುಂಗುವುದು, ಗಿಡ ಕಡಿಯುವುದು, ಅಂಚು ಒಂದು ಗೇಣು ಎತ್ತರವಾಗುವುದು. ಹಾರ್ನ್ ಕೇಳಿ ಕೆಳಗಿಳಿಯಲು ಹೋದರೆ ಗಾಲಿ ಜಾರಿ ಬೀಳುವುದೇ.

ಇದು ನನ್ನಂಥ ಚಟದವರ ಸಂಕಟವಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. 2006-07ರಲ್ಲಿ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಏಳನೆಯದಕ್ಕೆ ಶಾಲೆ ಬಿಡುತ್ತಿದ್ದ ಹುಡುಗಿಯರು ಗುಂಪು ಕಟ್ಟಿಕೊಂಡು ಪಕ್ಕದ ಊರಿನ ಹೈಸ್ಕೂಲಿಗೆ ಹೊರಟರು. 2020-21ರಲ್ಲಿ, ಕೋವಿಡ್ ವರ್ಷದಲ್ಲಿ, ಆ ಯೋಜನೆ ನಿಂತಿತು. ಸೈಕಲ್ ಕೊಟ್ಟ ಹದಿನಾಲ್ಕು ವರ್ಷಗಳಲ್ಲಿಯೇ ರಸ್ತೆಯ ಬದಿಯೂ ಹೋದದ್ದು. ಕೊಡುವ ಕೈ ಒಂದು ಇಲಾಖೆಯದು, ಕಸಿದ ಕೈ ಇನ್ನೊಂದು ಇಲಾಖೆಯದು, ಒಬ್ಬರಿಗೊಬ್ಬರು ಮಾತಾಡಿದ ಹಾಗೆ ಕಾಣುವುದಿಲ್ಲ.

ಹಾಗಾದರೆ ಈಗ ಯಾವ ಹಾದಿ? ನಾನು ತುಳಿದು ಕಂಡುಕೊಂಡದ್ದು ಇಷ್ಟು: ದೊಡ್ಡವರು ಬಿಟ್ಟುಹೋದ ಹಾದಿ ಹುಡುಕಬೇಕು. ಚಕ್ಕಡಿ ಹೋಗುತ್ತಿದ್ದ, ಬಸ್ಸು ದಿನಕ್ಕೆರಡು ಸಲ ಮಾತ್ರ ಬರುವ ಹಳ್ಳಿ ಹಾದಿಗಳಿಗೆ 2000ದ ಡಿಸೆಂಬರಿನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಲ್ಲಿ ಡಾಂಬರು ಬಿದ್ದಿದೆ. ಸೈಕಲ್ಲಿಗೆ ಇವೇ ರಾಜಮಾರ್ಗ. ಕಿತ್ತೂರಿನವರು ಹೆದ್ದಾರಿ ಮುಟ್ಟದೆ ಬೈಲಹೊಂಗಲದ ಕಡೆ ಹಳ್ಳಿಗಳ ಮೇಲೆ ಹೋಗಬೇಕು. ಎಂ.ಕೆ.ಹುಬ್ಬಳ್ಳಿಯಿಂದ ಬರುವವರಿಗೆ ಸಂಪಗಾವಿ ಮೇಲಿನ ಹಾದಿ ಇದೆ. ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿಗೆ ಸಂಪಗಾವಿಯದೇ ಹೆಸರು, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಬೈಲಹೊಂಗಲದಿಂದ ಸೊಗಲದ ಸೋಮೇಶ್ವರ, ಮಳೆಗಾಲ ಮುಗಿದ ಕೂಡಲೇ ಹೋದರೆ ಜಲಪಾತವೂ ಸಿಗುತ್ತದೆ. ಆದರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವ ಮುಂಚೆ ಹೋಗಿ. ಎಂ.ಕೆ.ಹುಬ್ಬಳ್ಳಿ, ಮುನವಳ್ಳಿ ಎರಡೂ ಕಡೆ ಸಕ್ಕರೆ ಕಾರ್ಖಾನೆ ಇರುವುದರಿಂದ ಹಂಗಾಮಿನಲ್ಲಿ ಸೂರ್ಯ ಮುಳುಗಿದ ಮೇಲೆ ಆ ಸುತ್ತಿನ ಯಾವ ರಸ್ತೆಯೂ ಬೇಡ. ಸವದತ್ತಿಯಿಂದ ಹೂಲಿಯ ಪಂಚಲಿಂಗೇಶ್ವರ ಸುಮಾರು 9 ಕಿಲೋಮೀಟರ್, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ರಾಮದುರ್ಗದಿಂದ ಸುರೇಬಾನ, ಅಲ್ಲಿಂದ ಶಬರಿಕೊಳ್ಳ. ಹೊಳೆ ಬಂದಾಗ ಮಾತ್ರ ಬೇಡ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ ಸುತ್ತ ಏನು ಮಾಡಿದಳು ಎನ್ನುವುದು ನೆನಪಿದ್ದರೆ ಸಾಕು. ಆ ಹಳೆಯ ಅಂಜಿಕೆಯೂ ಪೂರ್ತಿ ಹೋಗಿಲ್ಲ.

ಸವದತ್ತಿಗೆ ಇನ್ನೊಂದು ವಿಶೇಷವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾಪುರ, ಸೊಲ್ಲಾಪುರದ ಕಡೆಯಿಂದೆಲ್ಲ ಜನ ಬರುತ್ತಾರೆ. ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದಾರೆ. ಆ ದಿನಗಳಲ್ಲಿ ರಸ್ತೆ ತುಂಬಾ ಎತ್ತುಗಳು, ನಡೆದು ಬರುವವರು, ಉಧೋ ಉಧೋ. ಕಾರು ಎಷ್ಟೇ ದೊಡ್ಡದಿರಲಿ, ಎತ್ತಿನ ನಡಿಗೆಯಲ್ಲಿಯೇ ಹೋಗಬೇಕು. ಜಾತ್ರೆಗೆ ರಸ್ತೆ ಗದ್ದಲ, ಸೈಕಲ್ ತರಬೇಡ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೋಗುವುದೇ ಆಗ. ಚಕ್ಕಡಿಯ ಹಿಂದೆ ಮೆಲ್ಲಗೆ ತುಳಿಯುತ್ತಾ ಹೋದರೆ ಹಿಂದಿನಿಂದ ಯಾರೂ ಬಂದು ಗುದ್ದುವುದಿಲ್ಲ, ಭಂಡಾರ ಮಾತ್ರ ಮೈತುಂಬ.

ನಿಮ್ಮೂರಿನ ಕಡೆಯೂ ಇಂಥ ಗಾಡಿದಾರಿಗಳಿದ್ದರೆ ಬರೀರಿ. ಎಲ್ಲಿಂದ ಎಲ್ಲಿಗೆ, ನಡುವೆ ನೀರು, ಪಂಚರ್ ಅಂಗಡಿ ಎಲ್ಲಿ ಸಿಗುತ್ತದೆ, ಅಷ್ಟು ಹೇಳಿದರೆ ಸಾಕು.